ಅಡ್ಡಬಿದ್ದ ಫೋಟೋ ಎಬ್ಬಿಸಲು ಯಾವ ಸಾಫ್ಟ್‌ವೇರ್? ಹಾಕಿ ನೋಡಿದ ಹೋಲಿಕೆ

ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಮೊಬೈಲ್ ಪರದೆಯಲ್ಲಿ ನೆಟ್ಟಗೆ ನಿಂತಿದ್ದದ್ದು ಕಂಪ್ಯೂಟರಿಗೆ ಬಂದ ಮೇಲೆ ಮಗ್ಗುಲಾಗಿ ಮಲಗಿರುತ್ತದೆ. ಅಡಿಕೆ ಮರವೇರಿದ ಕೊನೆಗೌಡನೂ ಹಾಗೇ, ನೆಲಕ್ಕೆ ಸಮಾನಾಂತರವಾಗಿ ತೇಲುತ್ತಿರುತ್ತಾನೆ. ಅದೇ ಫೋಲ್ಡರಿನಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದ ಐಎನ್ಎಸ್ ಚಪಲ್ ನೌಕೆಯ ಫೋಟೋಗೆ ಏನೂ ಆಗಿರುವುದಿಲ್ಲ, ಏಕೆಂದರೆ ಅದನ್ನು ಮೊಬೈಲ್ ಅಡ್ಡ ಹಿಡಿದು ತೆಗೆದದ್ದು. ಹಾಗಾಗಿ ಕೇಬಲ್ಲನ್ನೋ ಕಾರ್ಡ್ ರೀಡರನ್ನೋ ಬದಲಿಸಿ ಪ್ರಯೋಜನವಿಲ್ಲ. ಫೈಲು ದಾರಿಯಲ್ಲಿ ತಿರುಗುವುದಿಲ್ಲ.

ಮೊಬೈಲನ್ನು ಹೇಗೇ ಹಿಡಿದರೂ ಸೆನ್ಸರ್ ಚಿತ್ರವನ್ನು ಸಾಮಾನ್ಯವಾಗಿ ಅಡ್ಡಡ್ಡವೇ ಬರೆಯುತ್ತದೆ, ಉದಾಹರಣೆಗೆ 4000×3000 ಪಿಕ್ಸೆಲ್. ಜೊತೆಗೆ ಎಕ್ಸಿಫ್ ಎಂಬ ಮಾಹಿತಿಯಲ್ಲಿ ಓರಿಯೆಂಟೇಶನ್ ಅನ್ನುವ ಟ್ಯಾಗಿನಲ್ಲಿ ಒಂದು ಅಂಕೆ ಹಾಕುತ್ತದೆ. 1 ಎಂದರೆ ಇದ್ದಂತೆ ತೋರಿಸು. 6 ಎಂದರೆ ಪ್ರದಕ್ಷಿಣೆಯ ದಿಕ್ಕಿಗೆ 90 ಡಿಗ್ರಿ ತಿರುಗಿಸಿ ತೋರಿಸು. 8 ಎಂದರೆ ಅದಕ್ಕೆ ವಿರುದ್ಧ ದಿಕ್ಕಿಗೆ 90, 3 ಎಂದರೆ ತಲೆಕೆಳಗು. 2, 4, 5, 7 ಕನ್ನಡಿ ಬಿಂಬದವು, ಅಪರೂಪ. ನಿಲುವಾಗಿ ತೆಗೆದ ಮೊಬೈಲ್ ಫೋಟೋಗಳಲ್ಲಿ ಬಹುಪಾಲು 6.

ಆದ್ದರಿಂದ ಮೊದಲು ರೋಗ ಯಾವುದೆಂದು ನೋಡಬೇಕು. ಟ್ಯಾಗ್ ಸರಿಯಿದ್ದು, ತೋರಿಸುವ ತಂತ್ರಾಂಶ ಅದನ್ನು ಓದದೆ ಇರಬಹುದು. ಟ್ಯಾಗೇ ತಪ್ಪಿರಬಹುದು. ಟ್ಯಾಗ್ ಅಳಿಸಿಹೋಗಿರಬಹುದು. ಎಲ್ಲಕ್ಕಿಂತ ತಲೆ ತಿನ್ನುವುದು ನಾಲ್ಕನೆಯದು: ಯಾವುದೋ ಹಳೆಯ ಸಾಫ್ಟ್‌ವೇರ್ ಪಿಕ್ಸೆಲ್ಲನ್ನು ತಿರುಗಿಸಿ ಸರಿಮಾಡಿದೆ, ಆದರೆ 6 ಅನ್ನು ಹಾಗೇ ಬಿಟ್ಟಿದೆ. ಈಗ ಟ್ಯಾಗ್ ಓದುವ ಪ್ರತಿಯೊಂದು ಸಾಫ್ಟ್‌ವೇರೂ ಅದನ್ನು ಇನ್ನೊಮ್ಮೆ ತಿರುಗಿಸುತ್ತದೆ. ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಅಡ್ಡ ಕಾಣುವ ಫೋಟೋ ಸಿಕ್ಕಿದರೆ ಈ ಅನುಮಾನವನ್ನೂ ಇಟ್ಟುಕೊಳ್ಳಿ. ಪತ್ತೆಹಚ್ಚುವುದು ಸುಲಭ. ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ ತೆರೆದರೆ ತಿರುಗಿಸಲೇ, ಮೂಲದಂತೆ ಇಡಲೇ ಎಂದು ಕೇಳುತ್ತದೆ. ಮೂಲದಂತೆ ಇಟ್ಟಾಗ ಕಾಣುವುದೇ ನಿಜವಾದ ಪಿಕ್ಸೆಲ್. ಕೇಳದೇ ತೆರೆದುಕೊಂಡರೆ ಟ್ಯಾಗ್ 1 ಇರಬೇಕು ಅಥವಾ ಇಲ್ಲವೇ ಇಲ್ಲ. (ಹಿಂದೆಂದೋ 'ಮತ್ತೆ ಕೇಳಬೇಡ' ಎಂದು ಗುರುತು ಹಾಕಿದ್ದರೆ ಈ ಪರೀಕ್ಷೆ ನಡೆಯದು.)

ಈ ನಾಲ್ಕು ಬಗೆಯ ಫೋಟೋಗಳನ್ನೂ ಒಂದೊಂದು ಸಾಧನಕ್ಕೆ ಕೊಟ್ಟಾಗ ಕಂಡದ್ದು ಹೀಗೆ.

ವಿಂಡೋಸ್‌ನ ಫೋಟೋಸ್ ಆ್ಯಪ್ ಮತ್ತು ಫೈಲ್ ಎಕ್ಸ್‌ಪ್ಲೋರರ್ ಕೈಗೆ ಹತ್ತಿರದವು. ಫೋಟೋಸ್‌ನಲ್ಲಿ ಕಂಟ್ರೋಲ್ ಮತ್ತು ಆರ್ ಒತ್ತಿದರೆ ತಿರುಗುತ್ತದೆ. ಎಕ್ಸ್‌ಪ್ಲೋರರಿನಲ್ಲಿ ಹತ್ತಾರನ್ನು ಒಟ್ಟಿಗೆ ಆರಿಸಿ, ಬಲ ಕ್ಲಿಕ್ ಮಾಡಿ ರೊಟೇಟ್ ರೈಟ್ ಕೊಡಬಹುದು. ಐದಾರು ಫೋಟೋಗೆ ಇಷ್ಟೇ ಸಾಕು. ತೊಡಕು ಏನೆಂದರೆ ಆರಿಸಿದ ಎಲ್ಲವೂ ಒಂದೇ ದಿಕ್ಕಿಗೆ ತಿರುಗುತ್ತವೆ. ಜಾತ್ರೆಯ 400 ಫೋಟೋಗಳಲ್ಲಿ ಬಲಕ್ಕೆ ಬಿದ್ದವು, ಎಡಕ್ಕೆ ಬಿದ್ದವು, ಸರಿಯಿದ್ದವು ಕಲಸಿಕೊಂಡಿದ್ದರೆ ನೀವೇ ಆರಿಸುತ್ತ ಕೂರಬೇಕು. ಇನ್ನೊಂದು ಮಾತು: ವಿಂಡೋಸ್ 7ರ ಎಕ್ಸ್‌ಪ್ಲೋರರ್ ಈ ಟ್ಯಾಗನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, 10 ಮತ್ತು 11 ಓದುತ್ತವೆ. ಹಳೆಯ ಯಂತ್ರದಲ್ಲಿ ಮಾತ್ರ ಅಡ್ಡ ಕಂಡರೆ ಫೋಟೋವನ್ನು ಮುಟ್ಟಬೇಡಿ, ರೋಗ ಅದರದ್ದಲ್ಲ.

ಪೇಂಟ್ ಬಗ್ಗೆ ಒಂದೇ ವಾಕ್ಯ: ಜೆಪೆಗ್ (ಫೋಟೋಗಳ ಸಾಮಾನ್ಯ ಫೈಲ್ ಬಗೆ, ಜೆಪಿಜಿ ಎಂದರೂ ಅದೇ) ಅನ್ನು ಬಿಚ್ಚಿ ಮತ್ತೆ ಒತ್ತಿ (ಕಂಪ್ರೆಸ್ ಮಾಡಿ) ಉಳಿಸುತ್ತದೆ, ಗುಣಮಟ್ಟ ಎಷ್ಟಿರಬೇಕೆಂದು ಹೇಳಲು ಜಾಗವೇ ಇಲ್ಲ, ಹಾಗಾಗಿ ಮೂಲ ಫೋಟೋದ ಮೇಲೆ ಬಳಸಬೇಡಿ.

ಇರ್ಫಾನ್‌ವ್ಯೂ 1996ರಿಂದ ಇರುವ ಪುಟ್ಟ ತಂತ್ರಾಂಶ, ಮನೆ ಬಳಕೆಗೆ ಉಚಿತ. ಪ್ಲಗಿನ್‌ಗಳ ಕಂತೆಯನ್ನು ಬೇರೆಯಾಗಿ ಹಾಕಿಕೊಳ್ಳದಿದ್ದರೆ ಇಲ್ಲಿ ಬೇಕಾದ ಕೆಲಸ ಆಗುವುದಿಲ್ಲ. ಒಂದು ಫೋಟೋಗೆ ಶಿಫ್ಟ್ ಮತ್ತು ಜೆ. ರಾಶಿಗೆ ಟಿ ಒತ್ತಿ ಥಂಬ್‌ನೇಲ್ ಕಿಟಕಿ ತೆರೆದು, ಎಲ್ಲವನ್ನೂ ಆರಿಸಿ, ಫೈಲ್ ಮೆನುವಿನ ಜೆಪಿಜಿ ಲಾಸ್‌ಲೆಸ್ (ಗುಣಮಟ್ಟ ನಷ್ಟವಿಲ್ಲದ) ಆಯ್ಕೆಗೆ ಹೋಗಬೇಕು. ಅಲ್ಲಿ ಎಕ್ಸಿಫ್ ಪ್ರಕಾರ ತಾನೇ ತಿರುಗಿಸುವುದನ್ನು ಆರಿಸಿ, ಮೂಲ ದಿನಾಂಕ ಉಳಿಸುವುದಕ್ಕೂ ಗುರುತು ಹಾಕಿ. ಓರಿಯೆಂಟೇಶನ್ ಟ್ಯಾಗ್ ಮರುಹೊಂದಿಸುವ ಗುರುತು ಅತಿಮುಖ್ಯ, ಅದನ್ನು ಮರೆತರೆ ಮೇಲೆ ಹೇಳಿದ ನಾಲ್ಕನೆಯ ರೋಗವನ್ನು ನೀವೇ ಅಂಟಿಸಿದಂತೆ. ಬಲಕ್ಕೆ ಎಡಕ್ಕೆ ಬಿದ್ದವು ಕಲಸಿಕೊಂಡಿದ್ದರೂ ಪ್ರತಿಯೊಂದರ ಟ್ಯಾಗ್ ನೋಡಿ ತಿರುಗಿಸುತ್ತದೆ, 1 ಇದ್ದದ್ದನ್ನು ಬಿಟ್ಟುಬಿಡುತ್ತದೆ.

ನಷ್ಟವಿಲ್ಲದ ತಿರುಗಿಸುವಿಕೆಗೂ ಒಂದು ಮಿತಿ ಇದೆ. ಜೆಪೆಗ್ ಚಿತ್ರವನ್ನು ಚೌಕಗಳಾಗಿ ಕತ್ತರಿಸಿ ಇಡುತ್ತದೆ, ಮೊಬೈಲ್ ಫೋಟೋಗಳಲ್ಲಿ ಸಾಮಾನ್ಯವಾಗಿ 16×16 ಪಿಕ್ಸೆಲ್. ತಿರುಗಿಸುವಾಗ ಚೌಕಗಳ ಜಾಗ ಬದಲಾಗುತ್ತದೆಯೇ ಹೊರತು ಮತ್ತೆ ಒತ್ತುವ ಕೆಲಸವಿಲ್ಲ. ಅಳತೆ 16ರಿಂದ ಭಾಗವಾಗದಿದ್ದರೆ ಅಂಚಿನಲ್ಲಿ ಅರ್ಧ ಚೌಕ ಉಳಿಯುತ್ತದೆ. 4032×3024 ಪೂರ್ತಿ ಭಾಗವಾಗುತ್ತದೆ, 252 ಮತ್ತು 189. ಆದರೆ 4000×3000ದಲ್ಲಿ 3000ಕ್ಕೆ 187 ಚೌಕ ಹೋಗಿ 8 ಪಿಕ್ಸೆಲ್ ಉಳಿಯುತ್ತದೆ. ಟ್ಯಾಗ್ 6ರ ಫೋಟೋ ತಿರುಗಿಸಿದಾಗ ಎಡ ಅಂಚಿಗೆ ಸೇರಬೇಕಾದ ಆ 8 ಪಿಕ್ಸೆಲ್ ಬಲ ಅಂಚಿನಲ್ಲಿ ಅಂಟಿಸಿದ ಪಟ್ಟಿಯಂತೆ ಉಳಿಯುತ್ತದೆ, ಇಲ್ಲವೇ ಕತ್ತರಿಸಿದರೆ ಅಗಲ 2992ಕ್ಕೆ ಇಳಿಯುತ್ತದೆ. ಟ್ಯಾಗ್ 8 ಇದ್ದರೆ ಇದೇ ಅಳತೆಯಲ್ಲೂ ತೊಂದರೆಯಿಲ್ಲ, ಏಕೆಂದರೆ ಆಗ ಮಗುಚುವುದು 4000ದ ಬದಿ, ಅದು ಸರಿಯಾಗಿ 250 ಚೌಕ. ಕತ್ತರಿಸಿಕೊಂಡು ಮುಂದೆ ಹೋಗುವುದೇ ವಾಸಿ. 3000ದಲ್ಲಿ 8 ಹೋದದ್ದು ಯಾರ ಕಣ್ಣಿಗೂ ಬೀಳದು, ಅಂಚಿನ ಪಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಜೆಹೆಡ್ ಕೂಡ ಇದನ್ನೇ ಮಾಡುತ್ತದೆ, ಆದರೆ ಟೈಪ್ ಮಾಡುವ ಆಜ್ಞೆಗಳ ಮೂಲಕ. ಅದರ ಆಟೋರಾಟ್ ಆಯ್ಕೆ ಒಳಗೆ ಜೆಪೆಗ್‌ಟ್ರಾನ್ ಎಂಬ, ನಷ್ಟವಿಲ್ಲದೆ ತಿರುಗಿಸುವ ಇನ್ನೊಂದು ಸಾಧನವನ್ನು ಕರೆಯುತ್ತದೆ, ಟ್ಯಾಗನ್ನು 1 ಮಾಡುತ್ತದೆ, ಒಳಗಡಗಿದ ಥಂಬ್‌ನೇಲನ್ನೂ ತಿರುಗಿಸುತ್ತದೆ. ಲಿನಕ್ಸ್ ಬಳಸುವವರಿಗೆ ಇದೇ ಮೊದಲ ಆಯ್ಕೆ. ವಿಂಡೋಸ್‌ನಲ್ಲಿ ಜೆಪೆಗ್‌ಟ್ರಾನ್ ಬೇರೆ ತಂದಿಡುವ ರಗಳೆ ಇರುವುದರಿಂದ ಇರ್ಫಾನ್‌ವ್ಯೂ ಸಾಕು.

ಎಕ್ಸಿಫ್‌ಟೂಲ್ ಕೂಡ ಆಜ್ಞೆ ಟೈಪ್ ಮಾಡಿ ಬಳಸುವ ಸಾಧನ, ಆದರೆ ಅದರ ದಾರಿಯೇ ಬೇರೆ. ಅದು ಪಿಕ್ಸೆಲ್ ಮುಟ್ಟುವುದೇ ಇಲ್ಲ, ಅಂಕೆಯನ್ನು ಮಾತ್ರ ಬದಲಿಸುತ್ತದೆ. ಹಾಗಾಗಿ ಟ್ಯಾಗೇ ತಪ್ಪಿದ ಫೋಟೋಗೂ ಎರಡು ಸಲ ತಿರುಗಿದ ಫೋಟೋಗೂ ಇದಕ್ಕೆ ಸಾಟಿಯಿಲ್ಲ. ಎರಡು ಸಲ ತಿರುಗಿದ್ದಕ್ಕೆ ಓರಿಯೆಂಟೇಶನ್‌ಗೆ 1 ಕೊಟ್ಟರೆ ಮುಗಿಯಿತು. ಆಜ್ಞೆಯಲ್ಲಿ ಮೈನಸ್ ಎನ್ ಸೇರಿಸಲು ಮರೆಯಬೇಡಿ, ಅದಿಲ್ಲದಿದ್ದರೆ ಅಂಕೆಯ ಬದಲು 'ರೊಟೇಟ್ 90 ಸಿಡಬ್ಲ್ಯೂ' ಎಂಬಂಥ ಪದಗಳನ್ನು ನಿರೀಕ್ಷಿಸುತ್ತದೆ. ದೊಡ್ಡಕ್ಷರದ ಮೈನಸ್ ಪಿ ಹಾಕಿದರೆ ಫೈಲಿನ ದಿನಾಂಕ ಉಳಿಯುತ್ತದೆ. ಪ್ರತಿ ಫೈಲಿನ ಹಳೆಯ ಪ್ರತಿಯನ್ನು ಒರಿಜಿನಲ್ ಎಂಬ ಬಾಲ ಹಚ್ಚಿ ತಾನೇ ಇಟ್ಟುಕೊಳ್ಳುವುದರಿಂದ ತಪ್ಪಿದರೂ ಹೆದರಬೇಕಿಲ್ಲ, ಡಿಸ್ಕ್ ತುಂಬುತ್ತದೆ ಅಷ್ಟೇ. ನಮ್ಮವರಿಗೆ ಎದುರಾಗುವ ತೊಡಕೊಂದಿದೆ: ವಿಂಡೋಸ್‌ನಲ್ಲಿ ಫೋಲ್ಡರಿಗೆ 'ಮಾರಿಕಾಂಬಾ ಜಾತ್ರೆ' ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದರೆ ಫೈಲೇ ಸಿಗಲಿಲ್ಲ ಎನ್ನುತ್ತದೆ. ಕ್ಯಾರ್‌ಸೆಟ್ ಆಯ್ಕೆಯಲ್ಲಿ ಫೈಲ್ ಹೆಸರಿಗೆ ಯುಟಿಎಫ್ 8 ಎಂದು ಹೇಳಿದರೆ ಸರಿಹೋಗುತ್ತದೆ. ಅಷ್ಟು ತಾಪತ್ರಯ ಬೇಡವೆಂದರೆ ಇಂಗ್ಲಿಷ್ ಅಕ್ಷರದ ಫೋಲ್ಡರಿಗೆ ಸಾಗಿಸಿ ಕೆಲಸ ಮುಗಿಸಿ.

ಟ್ಯಾಗ್ ಬದಲಿಸಿದ್ದು ಅದನ್ನು ಓದುವವರಿಗೆ ಮಾತ್ರ ಗೊತ್ತಾಗುತ್ತದೆ. ಕ್ರೋಮ್ ಬ್ರೌಸರ್ 2020ರ 81ನೇ ಆವೃತ್ತಿಯಿಂದ ವೆಬ್ ಪುಟದ ಚಿತ್ರಗಳಿಗೂ ಟ್ಯಾಗ್ ಪಾಲಿಸುತ್ತದೆ. ಆದರೆ ಅರ್ಜಿ ತುಂಬುವ ಎಷ್ಟೋ ಜಾಲತಾಣಗಳು ಫೋಟೋವನ್ನು ಕುಗ್ಗಿಸುವಾಗ ಎಕ್ಸಿಫ್ ಅನ್ನೇ ಕಿತ್ತು ಬಿಸಾಡುತ್ತವೆ, ಹುಡುಗಿಯ ಮುಖ ಅಡ್ಡವಾಗಿಯೇ ಅರ್ಜಿಗೆ ಅಂಟಿಕೊಳ್ಳುತ್ತದೆ. ಅಪ್‌ಲೋಡ್‌ಗೂ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸುವುದಕ್ಕೂ ಇರ್ಫಾನ್‌ವ್ಯೂನಲ್ಲಿ ಪಿಕ್ಸೆಲ್ಲನ್ನೇ ತಿರುಗಿಸಿದ ಪ್ರತಿ ಕೊಡಿ. ಮನೆಯ ಸಂಗ್ರಹಕ್ಕೆ ಮೂಲ ಫೈಲು ಮತ್ತು ಸರಿಯಾದ ಟ್ಯಾಗ್ ಇದ್ದರೆ ಸಾಕು.

ವಾಟ್ಸಾಪ್‌ನಲ್ಲಿ ಬಂದ ಫೋಟೋಗೆ ಎಕ್ಸಿಫ್ ಇರುವುದಿಲ್ಲ. ತಾನೇ ತಿರುಗಿಸುವ ಆಯ್ಕೆಗಳು ಅಲ್ಲಿ ಸುಮ್ಮನೆ ಕೂತುಬಿಡುತ್ತವೆ, ದಿಕ್ಕನ್ನು ಕೈಯಾರೆ ಕೊಡಬೇಕು. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಟ್ಯಾಗ್ ಸಮೇತ ಮೂಲ ಫೈಲೇ ಬರುತ್ತದೆ. ಐಫೋನಿನ ಹೆಚ್ಇಐಸಿ ಫೈಲಿನಲ್ಲಿ ದಿಕ್ಕು ಎಕ್ಸಿಫ್‌ನ ಹೊರಗೆ ಇನ್ನೊಂದು ಕಡೆಯೂ ಇರುವುದರಿಂದ ಎಕ್ಸಿಫ್ ಅಂಕೆ ಬದಲಿಸಿದರೂ ಚಿತ್ರ ಕದಲದೆ ಇರಬಹುದು. ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಇಟ್ಟರೆ ಮುಂದಿನವು ಜೆಪೆಗ್ ಆಗಿಯೇ ಬರುತ್ತವೆ.

ಟ್ಯಾಗ್ ತಪ್ಪುವುದು ಹೆಚ್ಚಾಗಿ ಮೇಲಿನಿಂದ ಬಗ್ಗಿ ತೆಗೆದವುಗಳಲ್ಲಿ: ಪಹಣಿ, ಬುಟ್ಟಿಯ ಬಂಗಡೆ, ಅಂಗಳದಲ್ಲಿ ಹರವಿದ ಅಡಿಕೆ, ಬಾಳೆಲೆಯ ಊಟ. ಮೊಬೈಲ್ ನೆಲಕ್ಕೆ ಮುಖ ಮಾಡಿದಾಗ ಗುರುತ್ವ ಪರದೆಯ ಬೆನ್ನಿನ ಕಡೆಗೆ ಎಳೆಯುತ್ತದೆ, ಯಾವ ಬದಿ ಮೇಲು ಎಂದು ಅದಕ್ಕೆ ತಿಳಿಯುವುದಿಲ್ಲ, ಹಿಂದಿನ ದಿಕ್ಕನ್ನೇ ಬರೆದುಬಿಡುತ್ತದೆ. ಮೊದಲು ಮೊಬೈಲನ್ನು ನೆಟ್ಟಗೆ ಹಿಡಿದು, ಪರದೆಯ ಚಿಹ್ನೆಗಳು ತಿರುಗಿ ನಿಂತ ಮೇಲೆ ಮೆಲ್ಲಗೆ ಬಗ್ಗಿಸಿ ಕ್ಲಿಕ್ ಮಾಡಿ. ನಿಕಾನ್ ಕ್ಯಾಮೆರಾದಲ್ಲಿ ಬೇಡರ ವೇಷದ ಕುಣಿತವನ್ನು ಸತತವಾಗಿ ಹೊಡೆಯುವಾಗ ನಡುವೆ ಕ್ಯಾಮೆರಾ ತಿರುಗಿಸಿದರೂ ಮೊದಲ ಫೋಟೋದ ದಿಕ್ಕೇ ಎಲ್ಲಕ್ಕೂ ದಾಖಲಾಗುತ್ತದೆ, ಬೆರಳು ಒಮ್ಮೆ ಎತ್ತಿ ಮತ್ತೆ ಒತ್ತಬೇಕು.