ಕೊಜುಮೆಲ್‌ನಲ್ಲಿ ಒಂದು ಹಗಲು: ಮೂರು ಸಲ ಹೋಗಿ ಹೋಲಿಸಿದ ಮೂರು ದಾರಿಗಳು

ಹ್ಯೂಸ್ಟನ್ನಿನಲ್ಲಿ ನೆಲೆಸಿರುವ ನಮಗೆ ಗ್ಯಾಲ್ವೆಸ್ಟನ್ ಬಂದರು ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿಂದ ಹೊರಡುವ ಕ್ರೂಸ್ ಹಡಗುಗಳಲ್ಲಿ ಅನೇಕವು ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಒಂದು ಹಗಲು ನಿಲ್ಲುತ್ತವೆ. 2019ರ ಮಾರ್ಚ್ ಕೊನೆಯಲ್ಲಿ, 2022ರ ಡಿಸೆಂಬರ್‌ನಲ್ಲಿ ಮತ್ತು 2024ರ ಜೂನ್‌ನಲ್ಲಿ ನಾವು ಆ ದ್ವೀಪದಲ್ಲಿ ಇಳಿದೆವು, ಮೂರು ಸಲವೂ ಕಡಲತೀರಕ್ಕೇ ಹೋದೆವು, ಆದರೆ ಮೂರು ಬೇರೆ ಬೇರೆ ದಾರಿಗಳಲ್ಲಿ ಹೋದೆವು. ಮೊದಲ ಸಲ ಹಡಗಿನಲ್ಲೇ ಟಿಕೆಟ್ ಕೊಳ್ಳುವ ಪ್ರವಾಸ, ಎರಡನೆಯ ಸಲ ಊಟ ಮತ್ತು ಪಾನೀಯವೆಲ್ಲ ಸೇರಿದ ಒಂದು ಬೀಚ್ ಕ್ಲಬ್, ಮೂರನೆಯ ಸಲ ಚಾಂಕನಾಬ್ ಉದ್ಯಾನ. ಮೊದಲ ಪ್ರಯಾಣದಲ್ಲಿ ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮೈಸೂರಿನಿಂದ ಬಂದಿದ್ದ ಅತ್ತೆಯವರು ಮೊದಲ ಮತ್ತು ಮೂರನೆಯ ಪ್ರಯಾಣಗಳಲ್ಲಿ ನಮ್ಮೊಂದಿಗಿದ್ದರು. ಅವರ ಪಾಸ್‌ಪೋರ್ಟಿನಲ್ಲಿ ಅಮೆರಿಕದ ಊರ್ಜಿತ ವೀಸಾ ಇದ್ದುದರಿಂದ ಮೆಕ್ಸಿಕೋಗೆಂದು ಬೇರೆ ವೀಸಾ ಪಡೆಯಬೇಕಾಗಿರಲಿಲ್ಲ.

ಮೂರನ್ನೂ ಹೋಲಿಸುವ ಮೊದಲು ದ್ವೀಪದ ಎರಡು ದಡಗಳ ವ್ಯತ್ಯಾಸವನ್ನು ಹೇಳಬೇಕು, ಏಕೆಂದರೆ ಮಕ್ಕಳನ್ನು ಎಲ್ಲಿ ನೀರಿಗಿಳಿಸಬಹುದು ಎಂಬುದನ್ನು ತೀರ್ಮಾನಿಸುವುದು ಅದೇ. ಕೊಜುಮೆಲ್‌ನ ಪೂರ್ವದ ದಡ ತೆರೆದ ಕೆರಿಬಿಯನ್ ಸಮುದ್ರಕ್ಕೆ ಮುಖ ಮಾಡಿದೆ. ಅಲ್ಲಿ ಅಲೆಗಳ ಹೊಡೆತ ಜೋರು, ಒಳಸೆಳೆತವೂ ಅಪಾಯಕಾರಿ, ಬೇಸಿಗೆಯಲ್ಲಿ ತೇಲಿ ಬರುವ ಸರ್ಗಾಸಮ್ ಪಾಚಿ ಬಂದು ಬೀಳುವುದೂ ಮುಖ್ಯವಾಗಿ ಆ ದಡಕ್ಕೇ. ಹಡಗುಕಟ್ಟೆಗಳಿರುವ ಪಶ್ಚಿಮದ ದಡಕ್ಕೆ ಇಡೀ ದ್ವೀಪವೇ ಗೋಡೆಯಾಗಿ ನಿಂತಿರುವುದರಿಂದ ಅಲ್ಲಿನ ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮುರ್ಡೇಶ್ವರದ ಅಲೆಗಳನ್ನು ಕಂಡಿದ್ದ ಅತ್ತೆಯವರು ಮೊದಲ ದಿನ ಈ ದಡದಲ್ಲಿ ನಿಂತು, "ಇದು ಸಮುದ್ರವೇ ಏನಮ್ಮಾ, ಕೆರೆಯ ಹಾಗಿದೆಯಲ್ಲ" ಎಂದು ಕೇಳಿದ್ದರು. ನಾವು ಹೋದ ಮೂರೂ ಸ್ಥಳಗಳು ಪಶ್ಚಿಮದ ದಡದಲ್ಲಿವೆ, ಚಿಕ್ಕ ಮಕ್ಕಳಿರುವವರು ಪೂರ್ವದ ದಡವನ್ನು ನೋಡಿ ಬರಬಹುದೇ ಹೊರತು ಅಲ್ಲಿ ಈಜಲು ಯೋಜಿಸಬಾರದು.

ಹಡಗಿನಲ್ಲಿ ಕೊಂಡ ಪ್ರವಾಸದ ದೊಡ್ಡ ಗುಣ ಒಂದೇ, ಆದರೆ ಅದು ಸಣ್ಣದಲ್ಲ: ಬಸ್ಸು ತಡವಾದರೂ ಹಡಗು ಆ ಪ್ರವಾಸಿಗರಿಗಾಗಿ ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಆ ಭರವಸೆಯಿಲ್ಲ. ನಾಲ್ಕು ವರ್ಷದ ಮಗು ಮತ್ತು ವಿದೇಶದ ಬಂದರಿಗೆ ಮೊದಲ ಬಾರಿಗೆ ಬಂದ ಹಿರಿಯರು ಜೊತೆಗಿದ್ದಾಗ ಆ ನೆಮ್ಮದಿಗೆ ಬೆಲೆಯಿದೆ, ಆದ್ದರಿಂದ ಆಗ ಕೊಟ್ಟ ಹಣದ ಬಗ್ಗೆ ನನಗೆ ಬೇಸರವಿಲ್ಲ. ಬೇಸರವಿರುವುದು ಕಳೆದುಹೋದ ಹೊತ್ತಿನ ಬಗ್ಗೆ. ಗುಂಪು ಸೇರುವುದಕ್ಕೆ, ಎಣಿಕೆ ಮುಗಿಯುವುದಕ್ಕೆ, ಎಲ್ಲರೂ ಬಸ್ಸು ಹತ್ತುವುದಕ್ಕೆ ಒಂದು ಗಂಟೆಗೂ ಹೆಚ್ಚು ಸಮಯ ಹಿಡಿಯಿತು, ಮರಳಿನ ಮೇಲೆ ನಮಗೆ ಸಿಕ್ಕಿದ್ದು ಮೂರು ಗಂಟೆ ಮಾತ್ರ. ಮಗ ನೀರಿನ ಭಯ ಬಿಟ್ಟು ಆಡತೊಡಗುವ ಹೊತ್ತಿಗೆ ಬಸ್ಸಿಗೆ ಕರೆ ಬಂತು, ಅವನು ದಾರಿಯುದ್ದಕ್ಕೂ ಅಳುತ್ತಲೇ ಬಂದ.

ಎರಡನೆಯ ಸಲ ನಾವು ನಾಲ್ವರೇ ಇದ್ದೆವು. ಕಟ್ಟೆಯ ಹೊರಗೆ ಟ್ಯಾಕ್ಸಿ ಹಿಡಿದು ದಕ್ಷಿಣದ ಸ್ಯಾನ್ ಫ್ರಾನ್ಸಿಸ್ಕೋ ತೀರದ ಕಡೆಗಿರುವ ಒಂದು ಬೀಚ್ ಕ್ಲಬ್ಬಿಗೆ ಹೋದೆವು. ಟ್ಯಾಕ್ಸಿಗೆ ಮೀಟರ್ ಇಲ್ಲ, ಸ್ಥಳವಾರು ದರದ ಫಲಕ ಇರುತ್ತದೆ, ಮತ್ತು ಆ ದರ ನಾಲ್ವರವರೆಗೆ ಅನ್ವಯಿಸುತ್ತದೆ. ಐದನೆಯವರಿದ್ದರೆ ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಮರಳಿನ ವಿಷಯದಲ್ಲಿ ಮೂರರಲ್ಲಿ ಇದೇ ಮೊದಲು: ನೀರಿನೊಳಗೂ ಬಹುದೂರದವರೆಗೆ ಮರಳಿನ ನೆಲ, ಏಳು ವರ್ಷದ ಹುಡುಗನ ಎದೆಮಟ್ಟಕ್ಕಿಂತ ಆಳವಿಲ್ಲದ ವಿಶಾಲವಾದ ಜಾಗ, ಹಿಂದೆ ಸಿಹಿನೀರಿನ ಈಜುಕೊಳ, ತಾಳೆಗರಿ ಹೊದಿಸಿದ ಚಪ್ಪರಗಳ ದಟ್ಟ ನೆರಳು. ಅಲ್ಲಿಂದ ಹೊರಡುವಾಗ ಮಕ್ಕಳಿಬ್ಬರಿಗೂ ಮನಸ್ಸಿರಲಿಲ್ಲ.

ಆದರೆ ಎಲ್ಲವೂ ಸೇರಿದ ಟಿಕೆಟ್ ನಮ್ಮಂಥವರಿಗೆ ಹೊಂದುವುದಿಲ್ಲ ಎಂಬುದನ್ನು ಅಂದು ಚೆನ್ನಾಗಿ ತಿಳಿದೆ. ಆ ಬೆಲೆಯ ದೊಡ್ಡ ಪಾಲು ಮದ್ಯದ್ದು, ಮದ್ಯ ಮುಟ್ಟದ ದಂಪತಿ ಮತ್ತು ಇಬ್ಬರು ಮಕ್ಕಳು ನಿಂಬೆಹಣ್ಣಿನ ಪಾನಕ ಕುಡಿದು ಅದನ್ನು ಸರಿದೂಗಿಸಲಾರರು. ಊಟದಲ್ಲಿಯೂ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಮೆಕ್ಸಿಕೋದಲ್ಲಿ ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದು, ಅರೆದ ಹುರುಳಿಕಾಯಿ ಬೀಜದ ಪಲ್ಯವನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವುದು ಸಾಮಾನ್ಯ ಪದ್ಧತಿ, ನೋಡಿದರೆ ಅದು ಗೊತ್ತಾಗುವುದಿಲ್ಲ. "ಸಿನ್ ಕಾರ್ನೆ" ಎಂದು ಮಾಂಸ ಬೇಡವೆಂದರೆ ಸಾಲದು, "ಸಿನ್ ಮಾಂತೇಕಾ, ಸಿನ್ ಕಾಲ್ಡೋ ದೆ ಪೋಯೊ" ಎಂದು ಕೊಬ್ಬೂ ಕೋಳಿಯ ಸಾರೂ ಬೇಡವೆಂದು ಕೇಳಬೇಕು. ನಾವು ಕೊನೆಗೆ ಬರಿಯ ಚೀಸ್ ಹಾಕಿ ಮಡಚಿದ ರೊಟ್ಟಿಯಾದ ಕೆಸಡಿಯಾ, ಬೆಣ್ಣೆಹಣ್ಣನ್ನು ಅರೆದು ಮಾಡುವ ಗ್ವಾಕಮೋಲೆ ಮತ್ತು ಹಣ್ಣುಗಳಲ್ಲಿ ಹಗಲು ಕಳೆದೆವು. ಹಡಗಿನ ಬಫೆಯಿಂದ ಹಣ್ಣು ಅಥವಾ ಅಡುಗೆಯನ್ನು ದಡಕ್ಕೆ ಒಯ್ಯಲು ಬಿಡುವುದಿಲ್ಲ. ಅಂಗಡಿಯಲ್ಲಿ ಕೊಂಡ, ಸೀಲ್ ಒಡೆಯದ ಚಕ್ಕುಲಿಯ ಪೊಟ್ಟಣಗಳನ್ನು ಮುಂದಿನ ಸಲ ಒಯ್ದೆವು, ಅದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ.

ಆ ದಿನದ ಇನ್ನೊಂದು ಪಾಠ ಗಡಿಯಾರದ್ದು. ಕೊಜುಮೆಲ್ ಇರುವ ಕಿಂಟಾನಾ ರೋ ರಾಜ್ಯ 2015ರಲ್ಲಿ ತನ್ನ ಸಮಯವಲಯವನ್ನು ಬದಲಿಸಿಕೊಂಡಿತು, ಈಗ ಅಲ್ಲಿ ವರ್ಷವಿಡೀ ಒಂದೇ ಸಮಯ. ಬೇಸಿಗೆಯಲ್ಲಿ ಟೆಕ್ಸಸ್ ಗಡಿಯಾರವನ್ನು ಮುಂದಿಡುವುದರಿಂದ ಎರಡೂ ಕಡೆ ಒಂದೇ ಹೊತ್ತು ತೋರಿಸುತ್ತದೆ, ಆದರೆ ಚಳಿಗಾಲದಲ್ಲಿ ದ್ವೀಪ ಒಂದು ಗಂಟೆ ಮುಂದಿರುತ್ತದೆ. ನಮ್ಮ ಹಡಗು ಗ್ಯಾಲ್ವೆಸ್ಟನ್ನಿನ ಸಮಯವನ್ನೇ ಉಳಿಸಿಕೊಂಡಿತ್ತು, ನಮ್ಮ ಫೋನುಗಳು ತಾವಾಗಿ ದ್ವೀಪದ ಸಮಯಕ್ಕೆ ಬದಲಾಗಿದ್ದವು. ಅದನ್ನು ಗಮನಿಸದೆ ನಾವು ಒಂದು ಗಂಟೆ ಮೊದಲೇ ಹೊರಟು ಬಂದೆವು, ಹಣ ಕೊಟ್ಟು ಪಡೆದ ದಿನದಲ್ಲಿ ಒಂದು ಗಂಟೆ ಹೀಗೆ ಹೋಯಿತು. ಅಂದಿನಿಂದ ನನ್ನ ಪತಿ ಹಡಗಿನ ಸಮಯಕ್ಕೆ ಹೊಂದಿಸಿದ, ಮುಳ್ಳುಗಳಿರುವ ಸಾಧಾರಣ ಕೈಗಡಿಯಾರವನ್ನು ಕಟ್ಟಿಕೊಂಡೇ ಇಳಿಯುತ್ತಾರೆ.

ಚಾಂಕನಾಬ್ ಎಂದರೆ ಮಾಯಾ ಭಾಷೆಯಲ್ಲಿ ಕಿರುಗಡಲು. ಉದ್ಯಾನದ ನಡುವೆ, ನೆಲದಡಿಯ ಬಿರುಕುಗಳ ಮೂಲಕ ಸಮುದ್ರದೊಂದಿಗೆ ಕೂಡಿಕೊಂಡಿರುವ ಕೊಳದಿಂದ ಆ ಹೆಸರು ಬಂದಿದೆ. ಕೊಳದಲ್ಲಿ ಇಳಿಯುವಂತಿಲ್ಲ, ಸುತ್ತ ನಡೆದು ನೋಡಬಹುದು. ದಕ್ಷಿಣದ ಹಡಗುಕಟ್ಟೆಗಳಿಂದ ಟ್ಯಾಕ್ಸಿಯಲ್ಲಿ ಹತ್ತು ನಿಮಿಷವೂ ಹಿಡಿಯಲಿಲ್ಲ. ಐವರ ಪ್ರವೇಶಕ್ಕೆ ನಾವು ತೆತ್ತದ್ದು ಸುಮಾರು 130 ಡಾಲರ್, ಊಟಕ್ಕೆ ಬೇರೆ. ಇಲ್ಲಿ ಆರಾಮಕುರ್ಚಿ ಹಾಕಿಕೊಳ್ಳಲು ಮರಳಿದೆ, ಆದರೆ ನೀರಿನ ಅಂಚಿನಲ್ಲಿರುವುದು ಒರಟು ಸುಣ್ಣಕಲ್ಲು. ಕಟ್ಟಿದ ಮೆಟ್ಟಿಲುಗಳಿಂದ ನೇರವಾಗಿ ಆಳಕ್ಕೆ ಇಳಿಯಬೇಕು, ಇಳಿದ ಕೂಡಲೇ ನನ್ನ ಮಗನಿಗೆ ನೆಲ ಸಿಗಲಿಲ್ಲ. ನಾಲ್ಕು ವರ್ಷದವನಾಗಿದ್ದಾಗ ಅವನನ್ನು ಇಲ್ಲಿಗೆ ಕರೆತಂದಿದ್ದರೆ ಅದು ತಪ್ಪಾಗುತ್ತಿತ್ತು. ಒಂಬತ್ತರ ವಯಸ್ಸಿನಲ್ಲಿ, ಈಜು ಕಲಿತು, ಲೈಫ್ ಜಾಕೆಟ್ ತೊಟ್ಟು ಇಳಿದಾಗ ಅದೇ ಆಳ ಅವನಿಗೆ ವರವಾಯಿತು. ನೀರೊಳಗೆ ನೋಡುವ ಗಾಜಿನ ಮುಖಗವಸು ಹಾಕಿಕೊಂಡು ನೀರಿನಲ್ಲಿ ಮುಖವಿಟ್ಟ ಮೊದಲ ಕ್ಷಣದಲ್ಲೇ ಕಪ್ಪು ಪಟ್ಟೆಯ ಹಳದಿ ಮೀನುಗಳ ಹಿಂಡು, ಹವಳದ ಕಲ್ಲನ್ನು ಕಟಕಟನೆ ಕೊರೆಯುವ ಗಿಳಿಮೀನು, ಇನ್ನೂ ಮುಂದೆ ಹೋದರೆ ನೀರಿನ ತಳದಲ್ಲಿ ನಿಲ್ಲಿಸಿದ ಕ್ರಿಸ್ತನ ಪ್ರತಿಮೆ. ಮಗಳು ಎರಡು ಗಂಟೆ ಮೇಲೇಳಲೇ ಇಲ್ಲ.

ಕೊಜುಮೆಲ್‌ನ ಹವಳದ ದಿಬ್ಬಗಳನ್ನು 1996ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿದೆ. ಮೈಗೆ ಹಚ್ಚುವ ಸನ್‌ಸ್ಕ್ರೀನಿನ ಆಕ್ಸಿಬೆನ್ಸೋನ್‌ನಂಥ ರಾಸಾಯನಿಕಗಳು ನೀರಿಗೆ ಸೇರಿ ಎಳೆಯ ಹವಳಕ್ಕೆ ಹಾನಿ ಮಾಡುತ್ತವೆ, ಆದ್ದರಿಂದ ನೀರಿಗಿಳಿಯುವ ಮೊದಲು ಅದನ್ನು ಹಚ್ಚಬೇಡಿ ಎಂದು ಅಲ್ಲಿ ಕೇಳಿಕೊಳ್ಳುತ್ತಾರೆ. ತುಂಬುತೋಳಿನ ಈಜುಡುಪು ಅದಕ್ಕಿಂತ ಒಳ್ಳೆಯ ರಕ್ಷಣೆ. ಈ ಒಂದು ವಿಷಯದಲ್ಲಿ ಎಲ್ಲ ತಂದೆತಾಯಂದಿರಲ್ಲಿ ನನ್ನ ಮನವಿಯಿದೆ, ಏಕೆಂದರೆ ನಮ್ಮ ಮಕ್ಕಳು ಕಂಡದ್ದನ್ನು ಮುಂದೆ ಅವರ ಮಕ್ಕಳೂ ಕಾಣಬೇಕು.

ಅತ್ತೆಯವರಿಗೆ ಹೆಚ್ಚು ಹಿಡಿಸಿದ್ದೂ ಚಾಂಕನಾಬ್ ಆಗಿದ್ದು ನನಗೆ ಅನಿರೀಕ್ಷಿತ. ನೀರಿಗಿಳಿಯದ ಹಿರಿಯರಿಗೆ ಬರಿಯ ಮರಳು ಒಂದು ಗಂಟೆಯಲ್ಲಿ ಬೇಸರ ತರಿಸುತ್ತದೆ. ಇಲ್ಲಿ ಸಸ್ಯೋದ್ಯಾನದ ನೆರಳಿನ ದಾರಿಗಳಿವೆ, ಕಲ್ಲಿನ ಮೇಲೆ ಬಿಸಿಲು ಕಾಯಿಸುವ ಇಗುವಾನಾಗಳಿವೆ. ಅವನ್ನು ನೋಡಿ, "ನಮ್ಮೂರಿನ ಉಡದ ಹಾಗೆಯೇ ಇದೆ" ಎಂದು ಮೊಮ್ಮಗನಿಗೆ ತೋರಿಸುತ್ತಾ ಅವರು ಇಡೀ ಬೆಳಗನ್ನು ಕಳೆದರು.

ಆದರೂ ಮುಂದಿನ ಪ್ರಯಾಣಕ್ಕೆ ನಾನು ಚಾಂಕನಾಬ್ ಆರಿಸುತ್ತಿಲ್ಲ. ಡಿಸೆಂಬರ್‌ನಲ್ಲಿ ನನ್ನ ತಂಗಿಯ ಕುಟುಂಬ ನಮ್ಮೊಂದಿಗೆ ಬರುತ್ತಿದೆ, ಅವಳ ಮಗುವಿಗೆ ಎರಡು ವರ್ಷ. ಆ ಮಗುವಿಗೆ ಮೆಟ್ಟಿಲೂ ಆಳವೂ ಬೇಡ, ಮೊಣಕಾಲುದ್ದದ ನೀರಿನಡಿ ಮರಳು ಬೇಕು. ಆದ್ದರಿಂದ ಸ್ಯಾನ್ ಫ್ರಾನ್ಸಿಸ್ಕೋ ತೀರದಲ್ಲೇ, ಕುರ್ಚಿಗೂ ನೆರಳಿಗೂ ಸಣ್ಣ ಶುಲ್ಕ ತೆತ್ತು, ತಿಂದದ್ದಕ್ಕೆ ಮಾತ್ರ ಹಣ ಕೊಡುವ ಜಾಗವೊಂದನ್ನು ಹುಡುಕುತ್ತಿದ್ದೇನೆ. ಮಗಳು ಈಗಾಗಲೇ ಒಂದು ಷರತ್ತು ಹಾಕಿದ್ದಾಳೆ: ಚಿಕ್ಕವರು ಮರಳಿನಲ್ಲಿ ಆಡುವಾಗ ಅವಳನ್ನೂ ಅವಳ ತಂದೆಯನ್ನೂ ಎರಡು ಗಂಟೆಯ ಮಟ್ಟಿಗೆ ಚಾಂಕನಾಬ್‌ಗೆ ಬಿಡಬೇಕಂತೆ. ಎರಡೂ ಒಂದೇ ರಸ್ತೆಯ ಮೇಲಿರುವುದರಿಂದ ನಾನು ಒಪ್ಪಿದ್ದೇನೆ.