ಮಗು ಅಳುವುದೇ ಇಲ್ಲ ಅಂತ ಹಿಗ್ಗಿದ್ದೆವು

ಎದೆಹಾಲು ಹೆಚ್ಚಿಸುವ ಪುಡಿ ಅಂತ ವಾಟ್ಸಾಪಿನಲ್ಲಿ ಮಾರುವವರನ್ನು ನಂಬಿ ನಾನು ಕಳೆದುಕೊಂಡಿದ್ದು ನಾಲ್ಕು ಸಾವಿರ ರೂಪಾಯಿ. ದುಡ್ಡು ಹೋಗಲಿ ಬಿಡಿ. ಆರು ದಿನ ನನ್ನ ಮಗಳು ಅರೆಹೊಟ್ಟೆಯಲ್ಲಿ ಮಲಗಿದ್ದಳು. ಮನೆ ತುಂಬ ಮಕ್ಕಳನ್ನು ಹೆತ್ತು ಸಾಕಿದ ಹೆಂಗಸರಿದ್ದರು. ಒಬ್ಬರಿಗೂ ಗೊತ್ತಾಗಲಿಲ್ಲ.

ಸಿಸೇರಿಯನ್ ಆಗಿತ್ತು. ಮಗು ಹುಟ್ಟಿದಾಗ 2 ಕೆಜಿ 900 ಗ್ರಾಂ. "ತಾಯಿಗೆ ಹಾಲು ಬಂದಿಲ್ಲ" ಅಂತ ನರ್ಸಿಂಗ್ ಹೋಮಿನಲ್ಲಿ ಮೊದಲ ದಿನವೇ ಬಾಟಲಿಯಲ್ಲಿ ಡಬ್ಬಿ ಹಾಲು ಶುರು ಮಾಡಿದರು. ಮೊದಲೆರಡು ದಿನ ಬರುವುದೇ ಹಳದಿ ಬಣ್ಣದ ಮಂದ ಹಾಲು, ಅದೂ ಚಮಚದ ಲೆಕ್ಕದಲ್ಲಿ, ಅಷ್ಟು ಚಿಕ್ಕ ಹೊಟ್ಟೆಗೆ ಆಗ ಬೇಕಿರುವುದೂ ಅಷ್ಟೇ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಹಾಲು ತುಂಬಿ ಬರುವುದು ಮೂರನೇ ದಿನದ ಹೊತ್ತಿಗೆ. ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡವಾಗಬಹುದು. ಮಗು ಚೀಪಿದಷ್ಟೂ ಹಾಲು ಊರುತ್ತದೆ, ಹಾಗಾಗಿ ದಿನಕ್ಕೆ 8ರಿಂದ 12 ಸಲ ಎದೆಗೆ ಹಾಕಬೇಕು. ನಾನು ಹಾಕಿದ್ದು ನಾಲ್ಕು ಸಲ ಇರಬಹುದು. ಹೊಲಿಗೆ ನೋಯುತ್ತಿತ್ತು, ಬಾಟಲಿ ಹೇಗೂ ಇತ್ತಲ್ಲ.

ಐದನೇ ದಿನ ಅರಸೀಕೆರೆಗೆ ಬಂದೆವು, ನನ್ನ ತವರಿಗೆ. ಆಗ ಮಗುವಿನ ತೂಕ 2 ಕೆಜಿ 720. ಮೊದಲ ವಾರ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು ಅಂತ ನರ್ಸಿಂಗ್ ಹೋಮಿನವರು ಅಂದಿದ್ದರು. ಈ ಎರಡನೇ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ.

ಬಾಣಂತನ ಅಜ್ಜಿಯ ಉಸ್ತುವಾರಿ. ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಮೆಂತ್ಯ, ಬಾಣಂತಿ ಖಾರ, ಎಲ್ಲಾ ಇತ್ತು. ನೀರು ಮಾತ್ರ ಊಟದ ಜೊತೆ ಒಂದು ಸಣ್ಣ ಲೋಟ, ಅದೂ ಬಿಸಿ. "ಬಾಣಂತಿ ನೀರು ಕುಡಿದ್ರೆ ಹೊಟ್ಟೆ ಬರುತ್ತೆ ಕಣವ್ವ." ರಾತ್ರಿ ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು. ಒಂದು ಸಲ ಬಚ್ಚಲಿಗೆ ಹೋಗಿ ಕದ್ದು ಕುಡಿದಿದ್ದೇನೆ. ಕೊಡಗಟ್ಟಲೆ ನೀರು ಕುಡಿದರೆ ಹಾಲು ಜಾಸ್ತಿಯಾಗುವುದಿಲ್ಲ, ಅದೂ ನಿಜ. ಆದರೆ ಬಾಯಾರಿದ ಬಾಣಂತಿಗೆ ನೀರು ಕೊಡದೇ ಇರುವುದಕ್ಕೆ ಯಾವ ಕಾರಣವೂ ಇಲ್ಲ.

ಆರನೇ ದಿನ ನಮ್ಮವರು ಬೆಂಗಳೂರಿನಿಂದ ಪಂಪ್ ತಂದರು. ಇಪ್ಪತ್ತು ನಿಮಿಷ ಹಿಂಡಿದರೆ ಎರಡೂ ಕಡೆ ಸೇರಿ 10 ಎಂಎಲ್. ಬಾಟಲಿಯ ತಳ ಕೂಡ ಮುಚ್ಚಿರಲಿಲ್ಲ. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಕೆಳಗಿಟ್ಟರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವತ್ತು ರಾತ್ರಿ ಮೊಬೈಲ್ ಹಿಡಿದು ಕೂತೆ.

ಗೆಳತಿಯೊಬ್ಬಳು ಸೇರಿಸಿದ್ದ ತಾಯಂದಿರ ಗುಂಪಿನಲ್ಲಿ ಒಬ್ಬಾಕೆ ತಾನು ಲ್ಯಾಕ್ಟೇಷನ್ ಕೋಚ್, ಅಂದರೆ ಎದೆಹಾಲು ಕುಡಿಸುವುದನ್ನು ಹೇಳಿಕೊಡುವವಳು, ಅನ್ನುತ್ತಿದ್ದಳು. ಎಲ್ಲಿ ಕಲಿತಿದ್ದು ಅಂತ ನಾನು ಕೇಳಲಿಲ್ಲ. ಎರಡು ಡಬ್ಬ ಪುಡಿಗೆ 2,800, ಏಳು ದಿನದ ಪ್ಲಾನಿಗೆ 1,200. ಪುಡಿಯಲ್ಲಿ ಶತಾವರಿ, ಮೆಂತ್ಯ, ಜೀರಿಗೆ ಇದೆ ಅಂತ ಬರೆದಿತ್ತು, ಎಷ್ಟೆಷ್ಟು ಅಂತ ಇರಲಿಲ್ಲ. ಶತಾವರಿಯನ್ನು ನಮ್ಮ ಕಡೆ ಹಲವು ಮಕ್ಕಳ ತಾಯಿ ಬೇರು ಅಂತಾರೆ, ಹೆಸರು ಕೇಳಿದರೇ ನಂಬಿಕೆ ಬರುತ್ತದೆ ಅಲ್ವಾ? ಲೇಬಲ್ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಂಬರ್ ಬೇರೆ. ಅದು ಆಹಾರ ತಯಾರಿಸಲು ಕೊಡುವ ಲೈಸೆನ್ಸ್. ಹಾಲು ಬರುತ್ತದೆ ಅನ್ನುವುದಕ್ಕೆ ಸರ್ಟಿಫಿಕೇಟ್ ಅಲ್ಲ.

ಪುಡಿಯ ಜೊತೆ ಬಂದ ಮಾತೇ ನಮ್ಮನ್ನು ಕೆಡಿಸಿದ್ದು. "ಡಬ್ಬಿ ಹಾಲು ಇವತ್ತೇ ಬಿಸಾಕಿ ಅಕ್ಕ. ಅದು ಇರೋವರೆಗೂ ನಿಮ್ಮ ಹಾಲು ಬರಲ್ಲ." ಪೂರ್ತಿ ಸುಳ್ಳಲ್ಲ ಇದು. ಬಾಟಲಿ ಹಾಲು ಕುಡಿದ ಮಗು ಎದೆ ಚೀಪುವುದು ಕಡಿಮೆ, ಚೀಪದಿದ್ದರೆ ಹಾಲು ಊರುವುದೂ ಕಡಿಮೆ. ಆದರೆ ಅದನ್ನು ಬಿಡಿಸಬೇಕಾದರೆ ಮಗುವಿನ ತೂಕ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಅವಳು ಒಮ್ಮೆಯೂ ಮಗುವಿನ ತೂಕ ಕೇಳಲಿಲ್ಲ. ಎಷ್ಟು ಸಲ ಉಚ್ಚೆ ಮಾಡುತ್ತಿದೆ ಅಂತಲೂ ಕೇಳಲಿಲ್ಲ. ಎಂಟನೇ ದಿನ ನಾನು ಡಬ್ಬಿ ಹಾಲು ನಿಲ್ಲಿಸಿಬಿಟ್ಟೆ.

ಒಂದು ದಿನ ಮಗು ಕಿರುಚಿ ಕಿರುಚಿ ಅತ್ತಿತು. ಆಮೇಲೆ ಸುಮ್ಮನಾಯಿತು. ಎದೆಗೆ ಹಾಕಿದರೆ ನಾಲ್ಕು ಸಲ ಚೀಪಿ ನಿದ್ದೆಗೆ ಜಾರುತ್ತಿತ್ತು. ಮೂರು ಗಂಟೆ, ನಾಲ್ಕು ಗಂಟೆ ಎಚ್ಚರವೇ ಇಲ್ಲ. "ಎಷ್ಟು ಒಳ್ಳೆ ಮಗು ನೋಡು, ಅಳೋದೇ ಇಲ್ಲ" ಅಂತ ಬಂದವರೆಲ್ಲ ಹೇಳಿದರು. ನಮಗೂ ಹಿಗ್ಗು. ಹಸಿದು ಹಸಿದು ಅಳುವ ಶಕ್ತಿಯೂ ಇಲ್ಲದ ಮಗು ಹೀಗೇ ಮಲಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಹನ್ನೊಂದನೇ ದಿನ ಲಂಗೋಟಿಯಲ್ಲಿ ಇಟ್ಟಿಗೆ ಪುಡಿ ಉದುರಿಸಿದ ಹಾಗೆ ಕೆಂಪು ಕಲೆ. ನಾನು ರಕ್ತ ಅಂತ ಹೆದರಿದೆ. ಅಜ್ಜಿ ಬೆರಳಲ್ಲಿ ಉಜ್ಜಿ ನೋಡಿ, "ಉಷ್ಣ ಆಗಿದೆ, ನೆತ್ತಿಗೆ ಹರಳೆಣ್ಣೆ ಇಡು" ಅಂದರು. ಇಟ್ಟೆವು. ಹುಟ್ಟಿದ ಮೊದಲೆರಡು ಮೂರು ದಿನ ಇಂಥ ಕಲೆ ಕಾಣಬಹುದಂತೆ. ಅದಾದ ಮೇಲೆ ಕಂಡರೆ ಮಗುವಿಗೆ ಹಾಲು ಸಾಲುತ್ತಿಲ್ಲ, ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅರ್ಥ. ಆ ಲಂಗೋಟಿಯನ್ನು ನಾನೇ ತೊಳೆದು ಒಣಹಾಕಿದ್ದೆ.

ನಮ್ಮನ್ನು ಕಾಪಾಡಿದ್ದು ಆಶಾ ಕಾರ್ಯಕರ್ತೆ. ಬಾಣಂತಿ ಮನೆಗೆ ಅವರು 3, 7, 14, 21, 28, 42ನೇ ದಿನ ಬರಬೇಕು ಅಂತ ಲೆಕ್ಕವಿದೆ. ಏಳನೇ ದಿನ ಬಂದಾಗ ಅಜ್ಜಿ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಿದ್ದರು. ಹಸುಗೂಸನ್ನು ತೂಗಿದರೆ ದೃಷ್ಟಿಯಾಗುತ್ತೆ ಅಂತ. ಹದಿನಾಲ್ಕನೇ ದಿನ ಆಕೆ ಕೇಳಲಿಲ್ಲ, ಚೀಲದಿಂದ ತಕ್ಕಡಿ ತೆಗೆದೇಬಿಟ್ಟರು. ಬಟ್ಟೆಯ ಜೋಲಿಯಲ್ಲಿ ಮಗುವನ್ನು ಹಾಕಿ ಎತ್ತಿ ಹಿಡಿದರು. ತಾಯಿ ಕಾರ್ಡ್ ನೋಡಿದರು. ಇಳಿಸಿ ಇನ್ನೊಮ್ಮೆ ತೂಗಿದರು. 2 ಕೆಜಿ 480. "ಈಗಲೇ ಹೊರಡಿ ಅಕ್ಕ, ಸಂಜೆವರೆಗೆ ಕಾಯಬೇಡಿ."

ಹಾಸನದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಸೋಡಿಯಂ 158. ಇರಬೇಕಾದ್ದು 145ರ ಒಳಗೆ. ನೀರು ಕಡಿಮೆಯಾಗಿ ರಕ್ತದಲ್ಲಿ ಉಪ್ಪಿನಂಶ ಏರಿತ್ತು. ಹಾಗಂತ ಒಂದೇ ಸಲ ನೀರು ತುಂಬಿಸುವ ಹಾಗಿಲ್ಲವಂತೆ, ಬೇಗ ಇಳಿಸಿದರೆ ಮೆದುಳಿಗೆ ಊತ ಬಂದು ಫಿಟ್ಸ್ ಆಗಬಹುದು. ಎರಡು ದಿನ ಹನಿ ಹನಿಯಾಗಿ ಇಳಿಸಿದರು. ನಾಲ್ಕು ದಿನ ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕ. ಆ ನಾಲ್ಕು ದಿನದ ಬಗ್ಗೆ ಬರೆಯಲು ನನಗಿನ್ನೂ ಆಗುವುದಿಲ್ಲ.

ಅಲ್ಲೊಬ್ಬ ನರ್ಸ್ ಪಕ್ಕದಲ್ಲಿ ಕೂತು ಮೊದಲ ಸಲ ಸರಿಯಾಗಿ ತೋರಿಸಿಕೊಟ್ಟರು. ಮಗು ಬರೀ ತೊಟ್ಟು ಕಚ್ಚಿಕೊಂಡಿತ್ತು. ಸುತ್ತಲಿನ ಕಪ್ಪು ಭಾಗವೂ ಬಾಯಿಗೆ ಹೋಗಬೇಕು, ಗದ್ದ ಎದೆಗೆ ಒತ್ತಿರಬೇಕು, ಗುಟುಕರಿಸುವ ಸದ್ದು ಕೇಳಬೇಕು. ನನ್ನ ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಟಿಎಸ್‌ಎಚ್ ಜಾಸ್ತಿ ಇತ್ತು, ಅಂದರೆ ಥೈರಾಯ್ಡ್ ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ಹಾಲು ಕಡಿಮೆಯಾಗಲು ಅದೂ ಒಂದು ಕಾರಣ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದರೆ, ಮಾಸಿನ ಚೂರು ಒಳಗೇ ಉಳಿದಿದ್ದರೆ, ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದರೆ, ಎದೆಯ ಆಪರೇಷನ್ ಆಗಿದ್ದರೆ ಕೂಡ ಹಾಲು ಕಡಿಮೆಯಾಗಬಹುದು. ಇದಕ್ಕೆಲ್ಲ ಒಂದೇ ಪುಡಿ ಹೇಗೆ ಮದ್ದಾಗುತ್ತೆ ಹೇಳಿ. ನನಗೆ ಆ ಪುಡಿಯಿಂದ ಆಗಿದ್ದು ಮೂರು ದಿನದ ಭೇದಿ.

ಆಸ್ಪತ್ರೆಯವರು ಹೇಳಿಕೊಟ್ಟ ಕ್ರಮ ಇದು: ಮೊದಲು ಎದೆಹಾಲು, ಆಮೇಲೆ ಅಳತೆ ಮಾಡಿದ ಡಬ್ಬಿ ಹಾಲು, ಆಮೇಲೆ ಪಂಪ್. ಮೂರು ಗಂಟೆಗೊಮ್ಮೆ, ರಾತ್ರಿಯೂ. ಬಾಟಲಿ ಬೇಡ, ಒಳಲೆ ಇದ್ದರೆ ತನ್ನಿ ಅಂದರು. ಬಜೆ ತೇಯ್ದು ಕುಡಿಸಲು ಅಂತ ಅಜ್ಜಿ ಬೀರುವಿನಲ್ಲಿಟ್ಟಿದ್ದ ಬೆಳ್ಳಿ ಒಳಲೆಯನ್ನು ಅಪ್ಪ ಬಸ್ಸಿನಲ್ಲಿ ತಂದರು. ಕುದಿಸಿ ತೊಳೆದು ಅದರಲ್ಲೇ ಕುಡಿಸಿದೆ. ಡಬ್ಬಿ ಹಾಲು ಕೊಡುವವರಿಗೆ ಒಂದು ಮಾತು: ಡಬ್ಬಿಯ ಮೇಲೆ ಬರೆದಷ್ಟೇ ನೀರು, ಅಷ್ಟೇ ಪುಡಿ. "ಮಂದ ಆಗುತ್ತೆ, ಇನ್ನೊಂದಿಷ್ಟು ನೀರು ಹಾಕು" ಅಂತ ಯಾರು ಹೇಳಿದರೂ ಕೇಳಬೇಡಿ.

ಪಂಪಿನಲ್ಲಿ ಬಂದಿದ್ದನ್ನು ನೋಡಿ ಹಾಲಿಲ್ಲ ಅಂತ ತೀರ್ಮಾನ ಮಾಡಬೇಡಿ. ಮಗು ಎಳೆದುಕೊಳ್ಳುವಷ್ಟು ಪಂಪ್ ಎಷ್ಟೋ ಸಲ ಎಳೆಯುವುದಿಲ್ಲ. ಎದೆ ಮೆತ್ತಗಿರುವುದು, ಸಂಜೆ ಹೊತ್ತು ಮಗು ಪದೇ ಪದೇ ಕೇಳುವುದು, ಇವೂ ಹಾಲು ಕಡಿಮೆ ಅನ್ನುವ ಗುರುತಲ್ಲ. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆಯಾಗಬೇಕು, ಕಕ್ಕ ಹಳದಿಗೆ ತಿರುಗಿರಬೇಕು, ತೂಕ ಏರುತ್ತಿರಬೇಕು. ಎಬ್ಬಿಸಿದರೂ ಏಳದ ಮಗು, ಕೆಂಪು ಕಲೆ, ಒಣಗಿದ ಬಾಯಿ, ಕುಳಿಬಿದ್ದ ನೆತ್ತಿ ಕಂಡರೆ ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಿ.

ಮೆಡಿಕಲ್ ಶಾಪಿನವರು ಡಾಂಪೆರಿಡೋನ್ ಕೊಡಲು ಬಂದರೆ ಸುಮ್ನೆ ತಗೋಬೇಡಿ. ಅದು ವಾಂತಿಗೆ ಕೊಡುವ ಮಾತ್ರೆ. ಕೆಲವರಿಗೆ ಹೃದಯದ ಬಡಿತ ಏರುಪೇರಾಗಬಹುದು. ಹಾಲಿಗಾಗಿ ಇದನ್ನು ತಗೋಬೇಡಿ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಎಚ್ಚರಿಸಿತ್ತು. ಬೇಕೋ ಬೇಡವೋ ಡಾಕ್ಟರ್ ಹೇಳಲಿ. ಈಗ ಎದೆಹಾಲನ್ನೇ ಮಾರುತ್ತೇವೆ ಅನ್ನುವವರೂ ಇದ್ದಾರೆ. 2024ರ ಮೇ ತಿಂಗಳಲ್ಲಿ ಎಫ್‌ಎಸ್‌ಎಸ್‌ಎಐ ಅದಕ್ಕೆ ಅನುಮತಿಯೇ ಇಲ್ಲ ಅಂತ ಹೇಳಿದೆ.

ಮಗಳಿಗೀಗ ಐದು ತಿಂಗಳು. ನನ್ನ ಹಾಲು ಪೂರ್ತಿ ಸಾಲುವಷ್ಟು ಬರಲೇ ಇಲ್ಲ. ಸಂಜೆ, ರಾತ್ರಿ ಡಬ್ಬಿ ಹಾಲು ಇದ್ದೇ ಇದೆ. ಅದಕ್ಕೆ ನನಗೆ ನಾಚಿಕೆಯಿಲ್ಲ.

ನಾಚಿಕೆ ಇರುವುದು ಇನ್ನೊಂದಕ್ಕೆ. ಪುಡಿ ಶುರು ಮಾಡಿದ ಮೂರನೇ ದಿನ ಅದನ್ನು ಮಾರಿದಾಕೆ "ಹೇಗಿದೆ ಅಕ್ಕ?" ಅಂತ ಕೇಳಿದ್ದಳು. "ಎದೆ ತುಂಬಿದ ಹಾಗೆ ಅನಿಸ್ತಿದೆ, ಪಾಪು ಅಳ್ತಾನೇ ಇಲ್ಲ, ತುಂಬಾ ಥ್ಯಾಂಕ್ಸ್" ಅಂತ ಕಳಿಸಿದ್ದೆ. ಅದರ ಸ್ಕ್ರೀನ್‌ಶಾಟ್ ತೆಗೆದು, ಹೆಸರು ಮುಚ್ಚಿ, ಸುತ್ತ ಗುಲಾಬಿ ಬಣ್ಣದ ಹೂ ಅಂಟಿಸಿ ಅವಳು ಗುಂಪಿಗೆ ಹಾಕಿದಳು. ತೆಗೆಯಿರಿ ಅಂತ ಎರಡು ಸಲ ಕೇಳಿದೆ. ಆಮೇಲೆ ನನ್ನನ್ನೇ ಗುಂಪಿನಿಂದ ತೆಗೆದಳು. ಹೋದ ವಾರ ಬೇರೊಬ್ಬಳು ಅದೇ ಚಿತ್ರ ಕಳಿಸಿ, "ಇದು ತಗೊಳ್ಳಲಾ?" ಅಂತ ಕೇಳಿದ್ದಾಳೆ. ನಿಮಗೂ ಎಲ್ಲಾದರೂ ಕಂಡರೆ, ಅದನ್ನು ಬರೆದವಳು ನಾನು. ಅದನ್ನು ಬರೆದ ದಿನ ಮಗು ಲಂಗೋಟಿ ಒದ್ದೆ ಮಾಡಿದ್ದು ಎರಡೇ ಸಲ.