ಕೊಳೆಯೂ ಕಾಣದ, ನಾನೂ ಕಾಣದ ಕಪ್ಪು ಜೆರ್ಸಿ

ಮೊಣಕೈಯ ಗಾಯ ಒಣಗಿದೆ, ಸಿಟ್ಟು ಇನ್ನೂ ಒಣಗಿಲ್ಲ. ಸಿಟ್ಟು ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೆಯೇ.

ಸೈಕಲ್ ತುಳಿಯುವಾಗ ತೊಡಲೆಂದು, ಕನ್ನಡಿಯಲ್ಲಿ ಚೆಂದ ಕಂಡಿತೆಂದು ಕಪ್ಪು ಜೆರ್ಸಿ, ಕಪ್ಪು ಚಡ್ಡಿ ಕೊಂಡೆ. ‘ಕಪ್ಪಾದರೆ ಕೊಳೆ ಕಾಣುವುದಿಲ್ಲ ಸಾರ್’ ಎಂದರು ಅಂಗಡಿಯವರು. ಕೊಳೆಯ ಜೊತೆಗೆ ನಾನೂ ಕಾಣುವುದಿಲ್ಲ ಎಂಬುದು ತಿಳಿದದ್ದು ಮಾರ್ಚ್ ತಿಂಗಳ ಒಂದು ಭಾನುವಾರ.

ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಬೆಳಿಗ್ಗೆ ಇಳಿಯುವಾಗ ತಂಪು, ಹಾಯಾಗಿತ್ತು. ವಾಪಸು ಹೊರಟಾಗ ಹನ್ನೊಂದು ದಾಟಿತ್ತು, ಮುಂದೆ ಬರೀ ಏರು. ಬೆವರು ಹೀರಲಿ ಎಂದು ಜೆರ್ಸಿಯೊಳಗೆ ಹತ್ತಿಯ ಬನಿಯನ್ ಹಾಕಿಕೊಂಡಿದ್ದೆ. ಹೀರಿತು, ಬಿಡಲಿಲ್ಲ. ಆನೆಕಾಡು ದಾಟುವಷ್ಟರಲ್ಲಿ ನೀರಲ್ಲಿ ಅದ್ದಿದ ಗೋಣಿಚೀಲ ಹೊತ್ತಂತಾಗಿತ್ತು. ಮೇಲೆ ಕಪ್ಪು ಬಟ್ಟೆ ಬಿಸಿಲನ್ನೆಲ್ಲ ಎಳೆದುಕೊಳ್ಳುತ್ತಿತ್ತು.

ಸುಂಟಿಕೊಪ್ಪದ ಕಡೆಯ ಒಂದು ತೋಟದ ಗೇಟಿನಿಂದ ಜೀಪು ಸೀದಾ ರಸ್ತೆಗೆ ಬಂತು. ಬ್ರೇಕ್ ಹಿಡಿದೆ, ಚರಂಡಿಗೆ ಬಿದ್ದೆ. ಇಳಿದು ಓಡಿ ಬಂದ ಹಿರಿಯರು ಗಾಯಕ್ಕೆ ನೀರು ಹಾಕುತ್ತಾ, ‘ದೇವರಾಣೆ ಕಾಣಲಿಲ್ಲ ಮಾರಾಯರೇ, ಮರದ ನೆರಳು ಅಲ್ಲಾಡಿತು ಎಂದುಕೊಂಡೆ’ ಎಂದರು. ಬೈಯಲು ಬಾಯಿ ತೆರೆದವನು ಅವರ ಗೇಟಿನ ಬಳಿ ನಿಂತು ಒಮ್ಮೆ ರಸ್ತೆ ನೋಡಿದೆ. ಸಿಲ್ವರ್ ಓಕ್ ಮರಗಳ ಕೆಳಗೆ ನಾಣ್ಯ ಚೆಲ್ಲಿದಂತೆ ಬಿಸಿಲು, ನಡುವೆ ಕಪ್ಪು ತೇಪೆಗಳು. ಮರಕ್ಕೆ ಒರಗಿಸಿಟ್ಟ ನನ್ನದೇ ಸೈಕಲ್ ಎಲ್ಲಿದೆ ಎಂದು ನಾನೇ ಹುಡುಕಬೇಕಾಯಿತು. ಬೈಗುಳ ನುಂಗಿಕೊಂಡೆ.

ಬುದ್ಧಿ ಬಂತು ಎಂದುಕೊಂಡು ಮುಂದಿನ ವಾರ ಮಿರುಗುವ ಗಿಳಿಹಸಿರು ಜೆರ್ಸಿ ತಂದೆ. ಅದೂ ಅರೆಬುದ್ಧಿಯೇ. ಎರಡೂ ಬದಿ ಕಾಫಿ ಗಿಡವಿರುವ ರಸ್ತೆಗೆ ಹಸಿರು! ‘ತಿರುವಿನಲ್ಲಿ ನೀನು ಗಿಡದೊಳಗೆ ಹೋಗಿಬಿಟ್ಟೆ’ ಎಂದ ಹಿಂದಿನಿಂದ ಬರುತ್ತಿದ್ದ ಗೆಳೆಯ. ನಮ್ಮ ಊರಿನ ರಸ್ತೆಗೆ ಮಿರುಗುವ ಕಿತ್ತಳೆ ಬಣ್ಣವೇ ಸರಿ.

ಇನ್ನೊಂದು ಮೋಸವಿದೆ. ಈ ಫ್ಲೋರೊಸೆಂಟ್ ಬಣ್ಣಗಳು ಬಿಸಿಲಿನ ಅತಿನೇರಳೆ ಕಿರಣವನ್ನು ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸಿ ಮಿರುಗುತ್ತವೆ. ಕತ್ತಲಾದ ಮೇಲೆ ವಾಹನಗಳ ದೀಪಕ್ಕೆ ಆ ಮಿರುಗು ಇರುವುದಿಲ್ಲ. ರಾತ್ರಿಗೆ ಬೇಕಾದದ್ದು ಬಿದ್ದ ಬೆಳಕನ್ನು ಬಂದ ಕಡೆಗೇ ತಿರುಗಿಸುವ ಬೂದು ಬಣ್ಣದ ರಿಫ್ಲೆಕ್ಟರ್ ಪಟ್ಟಿ. ನನ್ನ ಜೆರ್ಸಿಯಲ್ಲಿ ಅದು ಬೆನ್ನ ಮೇಲಿತ್ತು, ಅದರ ಮೇಲೆ ನನ್ನ ಬ್ಯಾಗು! ಅಂಥದೊಂದು ಪಟ್ಟಿಯನ್ನು ಕಣಕಾಲಿಗೆ ಕಟ್ಟಿಕೊಳ್ಳಿ. ಪೆಡಲ್ ತುಳಿದಾಗ ಮೇಲೆ ಕೆಳಗೆ ಆಡುವ ಬೆಳಕನ್ನು ಕಂಡರೆ ಹಿಂದಿನವರಿಗೆ ಅಲ್ಲಿ ಮನುಷ್ಯನಿದ್ದಾನೆ ಎಂದು ಥಟ್ಟನೆ ಹೊಳೆಯುತ್ತದೆ. ಹಿಂದಿನ ಕೆಂಪು ದೀಪವಂತೂ ಇರಲೇಬೇಕು.

ಸೆಖೆಗೆ ತೆಳುವಾದ, ಬೇಗ ಒಣಗುವ ಪಾಲಿಯೆಸ್ಟರ್ ಸಾಕು, ಒಳಗೆ ಬನಿಯನ್ ಬೇಡ. ಕೂರುವ ಜಾಗದಲ್ಲಿ ಮೆತ್ತನೆಯ ಪ್ಯಾಡ್ ಇರುವ ಸೈಕಲ್ ಚಡ್ಡಿಯ ಕೆಳಗೆ ಒಳಚಡ್ಡಿಯೂ ಬೇಡ. ಮರ್ಯಾದೆಗೆಂದು ಹಾಕಿಕೊಂಡು, ಅದರ ಹೊಲಿಗೆ ತೊಡೆ ಉಜ್ಜಿ, ಎರಡು ದಿನ ಕಾಲಗಲಿಸಿ ನಡೆದಿದ್ದೇನೆ. ಬಟ್ಟೆ ಮೆದುವಾಗಿಸುವ ದ್ರವ ಹಾಕಿ ಒಗೆಯಬೇಡಿ, ಬೆವರು ಎಳೆಯುವ ಗುಣ ಕೆಡುತ್ತದೆ. ರಿಫ್ಲೆಕ್ಟರ್ ಪಟ್ಟಿಯ ಮೇಲೆ ಇಸ್ತ್ರಿಯೂ ಬೇಡ.

ಕೊಳ್ಳುವಾಗ ಕನ್ನಡಿ ಬಿಡಿ. ಬಟ್ಟೆಯನ್ನು ಗೆಳೆಯನಿಗೆ ತೊಡಿಸಿ, ಮರದ ನೆರಳಿನಲ್ಲಿ ನೂರು ಹೆಜ್ಜೆ ದೂರ ನಿಲ್ಲಿಸಿ ನೋಡಿ.